ಸುಸ್ತು ಡಯಾಲಿಸಿಸ್‌ದಾ, ಮನಸ್ಸಿಂದಾ?

ಕಿಡ್ನಿ ಕೈಕೊಟ್ಟಾಗ ಯಂತ್ರದಿಂದ ರಕ್ತ ಶುದ್ಧ ಮಾಡುವ ಡಯಾಲಿಸಿಸ್ ಮುಗಿಸಿ ಮನೆಗೆ ಬಂದವರನ್ನು ಮಂಡ್ಯದ ಕಡೆ "ಹೆಂಗಿದ್ದೀಯಪ್ಪಾ?" ಅಂದರೆ ಬರುವ ಉತ್ತರ ಒಂದೇ: "ಸುಸ್ತು ಕಣವ್ವಾ." ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಸುಸ್ತಾಗಲೇಬೇಕು. ಖಿನ್ನತೆ ಅಡಗಿ ಕೂರುವುದೂ ಆ ಸುಸ್ತಿನೊಳಗೇ. ಊಟ ಸೇರದಿರುವುದು, ನಿದ್ದೆ ಹತ್ತದಿರುವುದು, ಮೈಭಾರ ಇವೆಲ್ಲ ರಕ್ತದಲ್ಲಿ ಉಳಿದ ಕಲ್ಮಶದಿಂದಲೂ ಬರುತ್ತವೆ, ಖಿನ್ನತೆಯಿಂದಲೂ ಬರುತ್ತವೆ. ಅದಕ್ಕೇ ಪ್ರಶ್ನಾವಳಿ ತುಂಬಿಸಿ ಎಣಿಸಿದರೆ ಡಯಾಲಿಸಿಸ್‌ನಲ್ಲಿರುವ ನೂರು ಜನರಲ್ಲಿ ಸುಮಾರು 40 ಮಂದಿಗೆ ಖಿನ್ನತೆ ಕಾಣುತ್ತದೆ. ಕೂರಿಸಿಕೊಂಡು ಮಾತಾಡಿಸಿ ನಿರ್ಧರಿಸಿದರೆ 20ರ ಆಸುಪಾಸು.

ಬೇರ್ಪಡಿಸಿ ನೋಡಲು ಎರಡು ಗುರುತು ಹೆಚ್ಚು ನಂಬಿಕೆಯವು. ಹಿಂದೆ ಇಷ್ಟವಿದ್ದದ್ದೂ ಈಗ ಬೇಡವಾಗುವುದು ಒಂದು. "ನಿಮಗೆಲ್ಲ ಹೊರೆಯಾದೆ" ಅನ್ನುವ ಮಾತು ಇನ್ನೊಂದು. ಕೇಳುವುದಾದರೆ ಡಯಾಲಿಸಿಸ್ ಇಲ್ಲದ ದಿನ ಕೇಳಿ. ಕೊನೆಯ ಗಂಟೆಯಲ್ಲಿ ಬಿಪಿ ಇಳಿದು, ಕಾಲು ಸೆಳೆಯುತ್ತಿರುವಾಗ ಯಾರನ್ನು ಕೇಳಿದರೂ ಬದುಕು ಸಾಕೆನ್ನುತ್ತಾರೆ. ಚಾರ್ಟನ್ನೂ ನೋಡಿ: ಸುಮ್ಮಸುಮ್ಮನೆ ತಪ್ಪಿದ ಪಾಳಿ, "3 ಗಂಟೆಗೇ ಬಿಚ್ಚಿಬಿಡಿ" ಅನ್ನುವ ಹಟ, ಎರಡು ಡಯಾಲಿಸಿಸ್ ನಡುವೆ ಏರುತ್ತಲೇ ಹೋಗುವ ತೂಕ. ಇವನ್ನು ಅಶಿಸ್ತು ಅಂತ ಬೈದು ಬಿಡುವುದೇ ಹೆಚ್ಚು.

ಪಥ್ಯವೂ ಸಣ್ಣ ನಷ್ಟವಲ್ಲ. ಸೊಪ್ಪು ಬೇಯಿಸಿದ ನೀರಿಗೆ, ಕೆಟ್ಟ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ಇಳಿಯುತ್ತದೆ, ಆ ನೀರು ಚೆಲ್ಲಿ ಅನ್ನುತ್ತಾರೆ ಡಯಟಿಷಿಯನ್. ನಮ್ಮ ಬಸ್ಸಾರು ಆಗುವುದೇ ಆ ಬಸಿದ ನೀರಿನಿಂದ! ಮದ್ದೂರಿನ ಎಳನೀರೂ ಬಂದ್. ಕುಡಿಯುವ ನೀರಿಗೆ ಲೆಕ್ಕ: ಸಾಮಾನ್ಯವಾಗಿ ಹಿಂದಿನ ದಿನದ ಮೂತ್ರದ ಅಳತೆಗೆ 500 ಮಿ.ಲೀ. ಸೇರಿಸಿದಷ್ಟು. ಮನೆಯವರೆಲ್ಲ ಮುದ್ದೆ ಮುರಿಯುವಾಗ ಒಬ್ಬರೇ ಬೇರೆ ತಟ್ಟೆ ಹಿಡಿದು ಕೂರುವುದಿದೆಯಲ್ಲ, ಅದನ್ನು ಯಾವ ರಿಪೋರ್ಟೂ ತೋರಿಸುವುದಿಲ್ಲ.

ಚಿಕಿತ್ಸೆಗೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಡಯಾಲಿಸಿಸ್ ಸಾಕಾಗುತ್ತಿದೆಯೇ ಎಂಬುದು, ತುರಿಕೆ, ರಾತ್ರಿ ಕಾಲು ಚಡಪಡಿಸುವುದು ಇವನ್ನು ನೋಡಿಸಿ. ರಕ್ತ ಕಡಿಮೆಯಿದ್ದರೆ ಮನಸ್ಸಿನ ಮಾತ್ರೆ ಏನು ಮಾಡೀತು? ಖಿನ್ನತೆಯ ಮಾತ್ರೆಗಳಲ್ಲಿ ಸರ್ಟ್ರಾಲಿನ್ ಹೆಚ್ಚು ಬಳಕೆಯಲ್ಲಿದೆ. ಸಾಮಾನ್ಯವಾಗಿ 25 ಮಿ.ಗ್ರಾಂ.ನಿಂದ ಶುರು, ಗುಣ ಕಾಣಲು 4ರಿಂದ 6 ವಾರ. ವಾಕರಿಕೆ, ಭೇದಿ ಅಂತ ಎರಡನೇ ವಾರಕ್ಕೇ ನಿಲ್ಲಿಸುವವರು ಬಹಳ. ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಜೊತೆ ಈ ಮಾತ್ರೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಏರುತ್ತದೆ, ಕಾಲಿನ ಚಡಪಡಿಕೆಯೂ ಹೆಚ್ಚಬಹುದು. ಆದ್ದರಿಂದ ಮನೋವೈದ್ಯರು ಬರೆದ ಚೀಟಿಯನ್ನು ಕಿಡ್ನಿ ಡಾಕ್ಟರಿಗೂ ತೋರಿಸಬೇಕು. ಆಪ್ತಸಮಾಲೋಚನೆಯನ್ನು ಡಯಾಲಿಸಿಸ್ ನಡೆಯುವಾಗಲೇ, ಕುರ್ಚಿಯ ಪಕ್ಕದಲ್ಲೇ ಕೊಡಬಹುದೆಂದು ಅಮೆರಿಕದ 2019ರ ಅಸೆಂಡ್ ಅಧ್ಯಯನ ತೋರಿಸಿತು. ಅದರಲ್ಲಿ 12 ವಾರದ ಕೊನೆಗೆ ಸಮಾಲೋಚನೆಗಿಂತ ಸರ್ಟ್ರಾಲಿನ್ ಮಾತ್ರೆ ತುಸು ಮುಂದಿತ್ತು, ಅಡ್ಡಪರಿಣಾಮದಲ್ಲೂ ಮುಂದಿತ್ತು.

"ಸಾಕು, ಇನ್ನು ಡಯಾಲಿಸಿಸ್ ಬೇಡ" ಅಂದರೆ ಮಾತ್ರ ಮುಂದಿನ ಪಾಳಿಯವರೆಗೆ ಕಾಯಬೇಡಿ. ಅವತ್ತೇ ಯೂನಿಟ್ಟಿಗೆ ತಿಳಿಸಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.