ಬಿದ್ದ ರೀಡಿಂಗ್ ಮತ್ತೆ ಏಳಲಿಲ್ಲ

ಮನೆಯೊಳಗಿನ ಗ್ಯಾಸ್ ಮೀಟರ್ ಹೊರಗೆ ಸರಿಸುವುದಕ್ಕೆ, ಅಂದರೆ ಮೀಟರ್ ಶಿಫ್ಟಿಂಗ್‌ಗೆ, ನಮ್ಮ ಕೆಲಸದ ಆ್ಯಪ್ ಕೊಡುವ ಸಮಯ ಯಾರ ಲೆಕ್ಕವೋ ಗೊತ್ತಿಲ್ಲ. ಹಳೆ ಮೀಟರ್ ಬಿಚ್ಚಬೇಕು, ಗೋಡೆ ಕೊರೆದು ಪೈಪ್ ಹಾಯಲು ಸ್ಲೀವ್ (ಕವಚದ ಕೊಳವೆ) ಕೂರಿಸಬೇಕು, ಪೈಪ್ ಎಳೆಯಬೇಕು, ಹೊರಗೋಡೆಗೆ ಮೀಟರ್ ಕಟ್ಟಬೇಕು. ಇಷ್ಟಕ್ಕೇ ಆ ಸಮಯ ಮುಗಿಯುತ್ತದೆ. ಲೀಕ್ ಇದೆಯಾ ಅಂತ ನೋಡುವ ಟೆಸ್ಟಿಂಗ್‌ಗೆ ಅದರಲ್ಲಿ ಜಾಗವೇ ಇಲ್ಲ. ಈ ಸಿಟ್ಟು ನನಗೆ ಹಳೆಯದು. ಮೊನ್ನೆಯ ಜಾಬ್ ಆದಮೇಲೆ ಇನ್ನೂ ಜಾಸ್ತಿಯಾಗಿದೆ.

ಅಡುಗೆಮನೆಯ ಕಪಾಟಿನೊಳಗೆ ಸಿಕ್ಕಿಕೊಂಡಿದ್ದ ಮೀಟರ್ ಅದು. ವಾಲ್ವ್‌ಗೆ ಕೈ ಹಾಕಬೇಕಾದರೆ ಪಾತ್ರೆ ಎಲ್ಲ ತೆಗೆಯಬೇಕು. ಅಂಥ ಮೀಟರ್ ಹೊರಗೆ ಬರಲೇಬೇಕು. ಬೆಂಕಿ ಹತ್ತಿದರೂ ಮನೆಯೊಳಗೆ ಹೋಗದೆ ಗ್ಯಾಸ್ ನಿಲ್ಲಿಸಬಹುದು. ಮೀಟರ್ ಹತ್ತಿರ ಲೀಕ್ ಆದರೂ ಬಯಲಿಗೆ ಹೋಗುತ್ತದೆ. ಹಾಗಾಗಿ ಈ ಕೆಲಸ ನನಗೆ ಇಷ್ಟ.

ಫಿಟ್ಟಿಂಗ್ ಎಲ್ಲ ಸರಿಯಾಗಿ ಮುಗಿಯಿತು. ಮೀಟರ್ ವಾಲ್ವ್ ಪಾಸ್ ಆಗುತ್ತಿಲ್ಲ, ಅಂದರೆ ಮುಚ್ಚಿದ ಮೇಲೂ ಗ್ಯಾಸ್ ಬಿಡುತ್ತಿಲ್ಲ, ಅಂತ ಮೊದಲೇ ನೋಡಿಕೊಂಡೆವು. ವಾಲ್ವ್ ಪಾಸ್ ಆದರೆ ಹಿಂದಿನಿಂದ ಒತ್ತಡ ಬಂದು ಲೀಕ್ ಇದ್ದರೂ ಗೊತ್ತಾಗದೇ ಹೋಗುತ್ತದೆ. ಆಮೇಲೆ ಪಂಪ್‌ನಿಂದ ಗಾಳಿ ತುಂಬಿ ಮಾನೋಮೀಟರ್ (ಒತ್ತಡ ತೋರಿಸುವ ನೀರಿನ ಕೊಳವೆ) ಹಾಕಿದೆವು. 21 ಮಿಲಿಬಾರ್ ಒತ್ತಡಕ್ಕೆ ನಿಲ್ಲಿಸಿದ್ದು ಮೆಲ್ಲಗೆ ಕೆಳಗಿಳಿಯತೊಡಗಿತು. ಅದೇ ಹೊತ್ತಿಗೆ ಗೋಡೆಯ ಮೇಲಿನ ಬಿಸಿಲು ಮೋಡದ ಹಿಂದೆ ಹೋಗಿತ್ತು.

ಸೂಪರ್‌ವೈಸರ್ ಫೋನ್‌ನಲ್ಲಿದ್ದರು. "ಪೈಪ್ ತಣ್ಣಗಾಯ್ತು ಕಣಯ್ಯ, ಅದಕ್ಕೇ ಬಿದ್ದಿದೆ. ಜಾಬ್ ಕ್ಲೋಸ್ ಮಾಡು."

ಅವರ ಮಾತು ಸುಳ್ಳಲ್ಲ. ಮಾನೋಮೀಟರ್ 21 ತೋರಿಸಿದರೂ, ಹೊರಗಿನ ವಾತಾವರಣದ ಒತ್ತಡವೂ ಸೇರಿ ಪೈಪಿನೊಳಗೆ ಇರುವುದು ಸಾವಿರಕ್ಕೂ ಹೆಚ್ಚು ಮಿಲಿಬಾರ್. ಇಡೀ ಲೈನ್ 1 ಡಿಗ್ರಿ ತಣ್ಣಗಾದರೆ ಸಾಕು, ರೀಡಿಂಗ್ ಸುಮಾರು 3.5 ಮಿಲಿಬಾರ್ ಇಳಿಯುತ್ತದೆ. ಹೊರಗೋಡೆಯ ಪೈಪ್‌ಗೆ 1 ಡಿಗ್ರಿ ಯಾವ ಲೆಕ್ಕ? ಅನುಭವ ಇರುವವರು ಯಾರಾದರೂ ಅದನ್ನೇ ಹೇಳುತ್ತಾರೆ. ಅಪಾಯ ಇರುವುದೂ ಅಲ್ಲೇ. ನಿಜವಾದ ಕಾರಣ ಒಂದು ಕೈಗೆ ಸಿಕ್ಕಿಬಿಟ್ಟರೆ ಇನ್ನೊಂದನ್ನು ಯಾರೂ ಹುಡುಕುವುದಿಲ್ಲ.

ನಾನು ಪೈಪ್ ಲೈನ್ ಹಾಗೇ ಬಿಡಲು ಹೇಳಿ ಕಾದೆ. ಮೋಡ ಸರಿಯಿತು, ಪೈಪ್ ಮತ್ತೆ ಬೆಚ್ಚಗಾಯಿತು. ತಂಪಿಗೆ ಬಿದ್ದಿದ್ದರೆ ನೀರು ಮೇಲೆ ಬರಬೇಕಿತ್ತು. ಬರಲಿಲ್ಲ. ಇಳಿಯುವುದು ಸ್ವಲ್ಪ ನಿಧಾನವಾಯಿತು, ಅಷ್ಟೇ. ಹೊಟ್ಟೆಯೊಳಗೆ ಏನೋ ಬಿಗಿದಂತಾಯಿತು. ಒಂದು ಕಡೆ ಫೋನ್ ಮತ್ತೆ ಮತ್ತೆ ಬಡಿದುಕೊಳ್ಳುತ್ತಿದೆ. ಇನ್ನೊಂದು ಕಡೆ ಮನೆಯವರು, "ಒಲೆ ಯಾವಾಗ ಹಚ್ಚಬಹುದು ಸರ್?" ಅಂತ ಬಾಗಿಲಲ್ಲೇ ನಿಂತಿದ್ದಾರೆ.

ಹೊರಗಿನ ಪೈಪ್‌ಗೆ ರಟ್ಟಿನ ನೆರಳು ಕಟ್ಟಿ, ಅದು ತಣ್ಣಗಾಗುವವರೆಗೆ ಬಿಟ್ಟು, ಮತ್ತೆ ಗಾಳಿ ತುಂಬಿದೆವು. ಮತ್ತೆ ಇಳಿಯಿತು. ಹೊಸ ಜಾಯಿಂಟ್‌ಗಳಿಗೆಲ್ಲ ಸೋಪ್ ನೀರು ಹಚ್ಚಿದೆವು, ಒಂದು ಗುಳ್ಳೆಯೂ ಬರಲಿಲ್ಲ. ಆಗ ಹೆಲ್ಪರ್ ಹುಡುಗ, "ಅಣ್ಣ, ಒಳಗಿನ ಹಳೇ ಲೈನ್ ನೋಡೋಣ್ವಾ?" ಅಂದ. ಕಪಾಟಿನ ಹಿಂದೆ, ನಾವು ಮುಟ್ಟದೇ ಇದ್ದ ಒಂದು ಎಲ್ಬೋ (ಪೈಪ್ ತಿರುಗುವ ಕಡೆಯ ಮೂಲೆ ಜೋಡಣೆ). ಹಳೆ ಮೀಟರ್ ಬಿಚ್ಚುವಾಗ ಪೈಪ್ ರೆಂಚ್‌ನ ತಿರುವು ಅಲ್ಲಿಯವರೆಗೂ ಹೋಗಿ ಥ್ರೆಡ್ ಸಡಿಲವಾಗಿತ್ತು. ಸಣ್ಣ ಸಣ್ಣ ಗುಳ್ಳೆ, ಬಿಡದೆ.

ಈ ಗ್ಯಾಸ್‌ನ ಮುಖ್ಯ ಭಾಗ ಮೀಥೇನ್. ಗಾಳಿಯಲ್ಲಿ ಅದು ಸುಮಾರು 5ರಿಂದ 15 ಶೇಕಡ ಸೇರಿದರೆ ಒಂದು ಕಿಡಿ ಸಾಕು. ದೊಡ್ಡ ಕೋಣೆ ಆ ಮಟ್ಟಕ್ಕೆ ಬರಲು ಹೊತ್ತು ಬೇಕು. ಮುಚ್ಚಿದ ಕಪಾಟಿಗೆ ಅಷ್ಟು ಹೊತ್ತು ಬೇಕಿಲ್ಲ. ಗ್ಯಾಸ್‌ಗೆ ವಾಸನೆ ಬೆರೆಸಿರುತ್ತಾರೆ ನಿಜ, ಆದರೆ ರಾತ್ರಿ ಮಲಗಿದವರು ಅದನ್ನು ನಂಬಿಕೊಂಡಿರಬೇಕಾ?

ಎಲ್ಬೋ ಬದಲಿಸಿ ಮತ್ತೆ ಟೆಸ್ಟ್ ಮಾಡಿದೆವು. ಈ ಸಲ ನೀರು ಕದಲಲಿಲ್ಲ. ಲೈನ್‌ನಲ್ಲಿದ್ದ ಗಾಳಿ ಹೊರಹಾಕಿ, ಗ್ಯಾಸ್ ಬಿಟ್ಟು, ಮೀಟರ್‌ಗೆ ಪೈಪ್ ಸೇರಿಸುವ ಯೂನಿಯನ್‌ಗಳಿಗೂ ಸೋಪ್ ನೀರು ಹಚ್ಚಿ ನೋಡಿ, ಒಲೆ ಹಚ್ಚಿಕೊಟ್ಟೆವು.

ಆ್ಯಪ್‌ನಲ್ಲಿ ಆ ಜಾಬ್ ಇವತ್ತಿಗೂ ಕೆಂಪು ಬಣ್ಣದಲ್ಲಿದೆ, 'ವಿಳಂಬ' ಅಂತ. ಮೀಟಿಂಗ್‌ನಲ್ಲಿ ಕೇಳಿದ್ದೇನೆ: ಟೆಸ್ಟಿಂಗ್‌ಗೆ ಬೇರೆ ಸಮಯ ಕೊಡಿ, ಶುರುವಿನ ಮತ್ತು ಕೊನೆಯ ರೀಡಿಂಗ್ ಹಾಕದೆ ಕ್ಲೋಸ್ ಬಟನ್ ತೆರೆಯಬಾರದು. ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ನಮ್ಮ ತಂಡ ಹೊರಗೋಡೆಗೆ ನೆರಳು ಬಂದಮೇಲೇ ಟೆಸ್ಟ್‌ಗೆ ಕೂರುತ್ತದೆ. ರೆಂಚ್ ಹಾಕುವ ಮುಂಚೆ ಒಳಗಿನ ಹಳೆ ಪೈಪ್‌ಗೆ ಇನ್ನೊಂದು ರೆಂಚ್ ಹಿಡಿದು ನಿಲ್ಲಲು ಒಬ್ಬರನ್ನು ಇಟ್ಟಿರುತ್ತೇವೆ.