ಪಾಲು ಮಾಡುವ ಹುಡುಗ

ಜೂನ್ 18, 2025, ಬುಧವಾರ
ಶಿರಸಿ

ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಗಣಿತದ ಸರ್ ಹೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಅವನಿಗೆ ಅಡಿಕೆ ಕೈ ಹಿಡಿದಿದೆ ಮೇಡಂ. ಓದು ಓದು ಅಂತ ಯಾಕೆ ಗೋಳು ಹೊಯ್ಕೊಳ್ತೀರಿ? ಸುಮ್ನೆ ಬಿಡಿ, ಹೇಗೋ ಬದುಕ್ತಾನೆ."

ನಮ್ಮ ಒಂಬತ್ತನೇ ಕ್ಲಾಸಿನ ಅಡಿಕೆ ಹುಡುಗನ ಬಗ್ಗೆ. ಸುಲಿದ ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿದ ಅಡಿಕೆ, ಗುಡ್ಡೆ ಮುಂದೆ ಕೂರಿಸಿದರೆ ಬಿಳಿಗೋಟು, ಕೋಕಾ ಅಂತ ದರ್ಜೆ ದರ್ಜೆ ಎಲ್ಲ ಚಕಚಕ ಬೇರೆ ಮಾಡುತ್ತಾನೆ. ಕಣ್ಣಿಗಿಂತ ಮೊದಲು ಅವನ ಬೆರಳಿಗೇ ಗೊತ್ತಾಗುತ್ತದೆ. ಅದೇ ಹುಡುಗ ಪುಸ್ತಕದಲ್ಲಿ ವ, ಮ, ಪ, ಷ ಒಟ್ಟಿಗೆ ಬಂದರೆ ನಿಂತುಬಿಡುತ್ತಾನೆ. ಒತ್ತಕ್ಷರ ಎರಡು ಸೇರಿದರಂತೂ ಆ ಸಾಲನ್ನೇ ಬಿಟ್ಟು ಕೆಳಗಿನ ಸಾಲಿಗೆ ಹೋಗುತ್ತಾನೆ. ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು, ಬಂದಾಗ ಡಿಸ್‌ಲೆಕ್ಸಿಯಾ ಅನ್ನುವ ಓದು-ಬರಹದ ತೊಂದರೆ ಇರಬಹುದು, ಪರೀಕ್ಷೆ ಮಾಡಿಸಿ ಅಂದಿದ್ದರು.

ಸರ್ ಕೆಟ್ಟವರಲ್ಲ. ಹುಡುಗನನ್ನು ಹೊಗಳಿಯೇ ಮಾತಾಡಿದರು. ನನಗೆ ಸಿಟ್ಟು ಬಂದದ್ದು ಆ ಹೊಗಳಿಕೆ ಮೇಲೆ. "ಇವನಿಗೆ ಕೈಕೆಲಸ ಚೆನ್ನಾಗಿ ಬರುತ್ತೆ" ಅಂತ ಒಮ್ಮೆ ಹೇಳಿಬಿಟ್ಟರೆ ಆಮೇಲೆ ಅವನಿಗೆ ಓದಿಸುವ ಜವಾಬ್ದಾರಿ ಯಾರ ಮೇಲೂ ಇರುವುದಿಲ್ಲ. ಮಗುವಿಗೆ ಏನು ಬರುತ್ತದೋ ಅದನ್ನು ಪಾಠದ ಒಳಗೆ ತರಬೇಕು. ಅದನ್ನೇ ನೆಪ ಮಾಡಿ ಮಗುವನ್ನು ಪಾಠದಿಂದ ಹೊರಗೆ ಕಳಿಸುವುದು ಯಾವ ನ್ಯಾಯ?

ಹೋದ ತಿಂಗಳ ತರಬೇತಿಯಲ್ಲಿ ಒಂದು ಹಾಳೆ ಕೊಟ್ಟಿದ್ದರು. ಅಮೆರಿಕದ ಪೀಟರ್ಸನ್, ಸೆಲಿಗ್ಮನ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 2004ರಲ್ಲಿ ಮಾಡಿದ ಪಟ್ಟಿ. ಕುತೂಹಲ, ದಯೆ, ಧೈರ್ಯ, ಹಾಸ್ಯ, ನ್ಯಾಯ, ಹಿಡಿದ ಕೆಲಸ ಬಿಡದಿರುವುದು, ಹೀಗೆ ಒಟ್ಟು 24 ಗುಣ. ಮಕ್ಕಳು ಓದಿ ತಮ್ಮ ಗುಣಕ್ಕೆ ಗುರುತು ಹಾಕಬೇಕು. ಪಟ್ಟಿ ನನಗೆ ಇಷ್ಟವಾಯಿತು. ಆದರೆ ಓದಲು ಕಷ್ಟಪಡುವ ಮಗುವಿಗೆ ನಿನ್ನಲ್ಲಿ ಏನು ಚೆನ್ನಾಗಿದೆ ಅಂತ ಕೇಳೋಕೆ ಎರಡು ಪುಟ ಓದಿಸಬೇಕಾ? ಹಾಳೆ ಮಡಿಸಿಟ್ಟು ಇವತ್ತು ಕೊನೇ ಪೀರಿಯಡ್‌ನಲ್ಲಿ ಬಾಯಿಮಾತಲ್ಲೇ ಕೇಳಿದೆ. ತಮ್ಮ ಬಗ್ಗೆ ಬೇಡ, ಪಕ್ಕದವರ ಬಗ್ಗೆ ಹೇಳಿ ಅಂದೆ. ಈ ವಯಸ್ಸಿನ ಮಕ್ಕಳು ತಮ್ಮ ಬಗ್ಗೆ ಕೇಳಿದರೆ ನೆಲ ನೋಡುತ್ತಾರೆ.

ಅವನ ಸರದಿ ಬಂದಾಗ ಎಲ್ಲರೂ ಅಡಿಕೆ ಅಂತಲೇ ಹೇಳುತ್ತಾರೆ ಅಂದುಕೊಂಡಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಕಬಡ್ಡಿಗೆ ಟೀಮ್ ಹಂಚೋದು ಅವನೇ ಟೀಚರ್. ಅವನು ಹಂಚಿದ್ರೆ ಜಗಳ ಆಗಲ್ಲ." ಇನ್ನೊಬ್ಬಳು ಸೇರಿಸಿದಳು. "ಸೋತವರನ್ನ ಮುಂದಿನ ಸಲ ಗಟ್ಟಿ ಟೀಮಿಗೆ ಹಾಕ್ತಾನೆ. ನೆನಪಿಟ್ಕೊಂಡಿರ್ತಾನೆ."

ಅವನ ಕಿವಿ ಕೆಂಪಾಯಿತು. ಬಗ್ಗಿಸಿದ ತಲೆ ಎತ್ತಲಿಲ್ಲ, ಆದರೆ ನಗುತ್ತಿದ್ದ.

ಎಂಟು ವರ್ಷ ಶಾಲೆಗೆ ಬಂದ ಹುಡುಗನಿಗೆ ಈ ಮಾತು ಯಾರೂ ಹೇಳಿರಲಿಲ್ಲ. ನಿಧಾನ, ಗಮನ ಕೊಡಲ್ಲ, ಬರೆಯಲ್ಲ, ಇಷ್ಟೇ ಕೇಳಿದ್ದು.

ತಕ್ಷಣ ಒಂದು ಕೆಲಸ ಕೊಟ್ಟೆ. ಗದ್ಯಪಾಠಕ್ಕೆ ಗುಂಪು ಮಾಡು, ಯಾರಿಗೆ ಯಾವ ಕೆಲಸ ಅಂತ ನೀನೇ ಹೇಳು ಅಂದೆ. ಒಂದು ನಿಮಿಷ ಎಲ್ಲರ ಮುಖ ನೋಡಿದ. ಗಟ್ಟಿಯಾಗಿ ಓದುವವರನ್ನು ಗುಂಪಿಗೊಬ್ಬರಂತೆ ಹಾಕಿದ. ಒಂದು ಕಡೆ ಕೂರಲಾಗದ ಆ ಹುಡುಗಿ ಇದ್ದಾಳಲ್ಲ, ಎಲ್ಲರ ಹತ್ತಿರ ಬೈಸಿಕೊಳ್ಳುವವಳು, ಅವಳನ್ನು ಬೋರ್ಡಿನ ಹತ್ತಿರ ನಿಲ್ಲಿಸಿದ. "ನೀನು ಎಲ್ಲಾ ಗುಂಪಿಗೂ ಹೋಗಿ ಕೇಳ್ಕೊಂಡು ಬಂದು ಬರಿ." ಇದು ನನಗೆ ಹೊಳೆದಿರಲಿಲ್ಲ! ಪೀರಿಯಡ್ ಮುಗಿಯುವವರೆಗೆ ಓಡಾಡಿದಳು, ಒಂದು ಸಲವೂ ಬೈಗುಳ ತಿನ್ನಲಿಲ್ಲ. ಅವನು ತನಗೆ ಇಟ್ಟುಕೊಂಡದ್ದು ಕೇಳಿ ಹೇಳುವ ಕೆಲಸ. ಬೇರೆಯವರು ಓದಿದ್ದನ್ನು ಕೇಳಿಸಿಕೊಂಡು ಪಾಠದ ಕಥೆಯನ್ನು ಮೊದಲಿನಿಂದ ಕೊನೆವರೆಗೆ ಒಂದು ಪ್ರಸಂಗವೂ ತಪ್ಪದಂತೆ ಹೇಳಿದ. ಪಾಠ ಅವನಿಗೆ ಅರ್ಥವಾಗುತ್ತದೆ. ಅಕ್ಷರ ಅಡ್ಡ ಬರುತ್ತದೆ, ಅಷ್ಟೇ.

ಅಕ್ಷರದ ಕೆಲಸ ಬಿಟ್ಟಿಲ್ಲ. ದಪ್ಪ ಕಾರ್ಡಿನಲ್ಲಿ ಬರೆದ ವ, ಮ, ಪ, ಫ, ಷ ಕೊಟ್ಟಿದ್ದೇನೆ. ಗುಡ್ಡೆ ಮಾಡಿ ವಿಂಗಡಿಸುತ್ತಾನೆ. "ಷ ಅಂದ್ರೆ ಪ ಅಕ್ಷರದ ಹೊಟ್ಟೆಯಲ್ಲಿ ಗೆರೆ" ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಓದು ಈಗಲೂ ನಿಧಾನ. ಪವಾಡ ಏನೂ ಆಗಿಲ್ಲ, ಆಗಬೇಕಾಗಿಯೂ ಇಲ್ಲ.

ಬೆಲ್ ಆದ ಮೇಲೆ ಬ್ಯಾಗು ಹಾಕಿಕೊಂಡು ಟೇಬಲ್ ಹತ್ತಿರ ಬಂದ. ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತರುವ ವಿಷಯ ಮನೆಯಲ್ಲಿ ಕೇಳಿದ್ದಾನೆ.

"ಟೀಚರ್, ಆ ಸರ್ಟಿಫಿಕೇಟಲ್ಲಿ ಬರೀ ನಂಗೆ ಬರದೇ ಇರೋದನ್ನೇ ಬರೀತಾರಾ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹೌದು, ಅದರಲ್ಲಿ ಅಷ್ಟೇ ಇರುತ್ತೆ ಅಂದೆ. ಯಾಕೆ ಬೇಕು ಅಂತಲೂ ಹೇಳಿದೆ. 1995ರ ಅಂಗವಿಕಲರ ಕಾನೂನಿನ ಪಟ್ಟಿಯಲ್ಲಿ 7 ಬಗೆಯ ವೈಕಲ್ಯ ಮಾತ್ರ ಇತ್ತು, ನಿನ್ನಂಥ ಮಕ್ಕಳ ಹೆಸರೇ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಆಯಿತು, ಕಲಿಕೆಯ ತೊಂದರೆಯೂ ಸೇರಿತು. ತೊಂದರೆ ಶೇಕಡಾ 40 ಅಥವಾ ಜಾಸ್ತಿ ಅಂತ ಸರ್ಟಿಫಿಕೇಟಲ್ಲಿ ಬಂದರೆ ಎಸ್ಸೆಸ್ಸೆಲ್ಸಿಗೆ ಬರೆಯಲು ಸಹಾಯಕರನ್ನು ಕೇಳಬಹುದು, ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೇಳಬಹುದು. ಅದು ನಿನ್ನ ಹಕ್ಕು, ಯಾರ ದಯೆಯೂ ಅಲ್ಲ ಅಂದೆ. ತಲೆ ಆಡಿಸಿದ. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಬೋರ್ಡಿನ ಹುಡುಗಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ, ಅಂತ ಡಾಕ್ಟರು ಹೇಳಿದ್ದಾರೆ. ಅದು ಆ 21ರಲ್ಲಿ ಇಲ್ಲ. ಅವಳಿಗೆ ಏನು ಉತ್ತರ ಕೊಡಲಿ?

ಮೃಗಶಿರ ಮಳೆ ಬಿಡದೆ ಹೊಯ್ಯುತ್ತಿದೆ. ಎರಡು ಸಲ ಕರೆಂಟ್ ಹೋಗಿ ಬಂತು.

ಹುಡುಗನ ಅಮ್ಮ ಶನಿವಾರ ಶಾಲೆಗೆ ಬರುತ್ತಾರೆ. ಹೋದ ಸಲ ಬಂದಾಗ "ನಮ್ಮ ಮನೆತನದಲ್ಲಿ ಯಾರೂ ಹೀಗಿಲ್ಲ" ಅಂತ ಅತ್ತಿದ್ದರು. ಈ ಸಲ ಮೊದಲು ಕಬಡ್ಡಿ ಟೀಮಿನ ವಿಷಯ ಹೇಳುತ್ತೇನೆ, ಆಮೇಲೆ ಹುಬ್ಬಳ್ಳಿ. ಪರೀಕ್ಷೆಗೆ ಹೋಗುವಾಗ ಶಾಲೆಯಿಂದಲೂ ಒಂದು ಕಾಗದ ಕೊಡಬೇಕು ಅನ್ನಿಸುತ್ತಿದೆ, ಕ್ಲಾಸಿನಲ್ಲಿ ಇವತ್ತು ಆದದ್ದನ್ನು ಬರೆದು. ಆದರೆ ಅದರಲ್ಲಿ ಏನು ಬರೆಯಬೇಕು ಅಂತ ಅವನನ್ನೇ ಕೇಳಬೇಕಲ್ವಾ? ಅವನು ಅಡಿಕೆ ಬೇಡ ಅಂದರೂ ಅಂದಾನು. ನಾಳೆ ಎರಡನೇ ಪೀರಿಯಡ್ ಅವರದ್ದೇ, ಅಥವಾ ಊಟದ ಹೊತ್ತಿಗೆ ಒಬ್ಬನೇ ಸಿಕ್ಕರೆ