ಪೆನ್ಸಿಲ್‌ಗೂ ಮೊದಲು ಅವರೆಕಾಳು

ಮೂರು ತುಂಬುವುದೇ ತಡ, ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ‘ಅ’ ತಿದ್ದಿಸುವ ಅವಸರ ಎಷ್ಟೋ ಮನೆಗಳಲ್ಲಿದೆ. ಆದರೆ ಆ ವಯಸ್ಸಿಗೆ ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಹಲವು ಇನ್ನೂ ಗಟ್ಟಿಯಾಗಿರುವುದಿಲ್ಲ. ಹೆಬ್ಬೆರಳಿನ ಬುಡಕ್ಕೂ ಸಾಕಷ್ಟು ಕಸುವು ಬಂದಿರುವುದಿಲ್ಲ. ಹಾಗಾಗಿಯೇ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಗದರಿ ಬೆರಳು ತಿದ್ದುವುದು ಬೇಡ, ಆ ಕೈಗೆ ಬೇರೆ ಕೆಲಸ ಕೊಡಿ.

ಅವರೆಕಾಯಿ ಕಾಲದಲ್ಲಂತೂ ಹಿತಕಿದ ಬೇಳೆಯಂಥ ಆಟ ಇನ್ನೊಂದಿಲ್ಲ. ಸುಲಿದ ಕಾಳನ್ನು ರಾತ್ರಿಯೇ ನೀರಿಗೆ ಹಾಕಿಡಿ, ಎಂಟು ಗಂಟೆಯಾದರೂ ನೆನೆಯಲಿ. ಬೆಳಿಗ್ಗೆ ಅಗಲ ಬಾಯಿಯ ಪಾತ್ರೆಯಲ್ಲಿ 20–25 ಕಾಳು ಮಾತ್ರ ಹಾಕಿ, ಮಗುವನ್ನು ನೆಲದ ಮೇಲೆ ಕೂರಿಸಿ. ಹೆಬ್ಬೆರಳು, ತೋರುಬೆರಳ ತುದಿಗಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಎಷ್ಟು ಒತ್ತಬೇಕೆಂದು ಹೇಳಿಕೊಡಬೇಕಾಗಿಲ್ಲ: ಕಡಿಮೆಯಾದರೆ ಬೇಳೆ ಬರುವುದಿಲ್ಲ, ಹೆಚ್ಚಾದರೆ ಗೋಡೆಗೆ ಹಾರುತ್ತದೆ. ಕಾಳು ಸರಿಯಾಗಿ ನೆನೆಯದಿದ್ದರೆ ಮಾತ್ರ ಸಿಪ್ಪೆ ಬಿಡದೆ, ಮಗು ಉಗುರು ಹಾಕುತ್ತದೆ, ಆಮೇಲೆ ಹಲ್ಲು. ಅಲ್ಲಿಗೆ ಬೆರಳಿನ ಕೆಲಸ ಮುಗಿದಂತೆ. ಹಸಿ ಅವರೆಕಾಳು ತಿನ್ನುವಂಥದ್ದೂ ಅಲ್ಲ. ಹತ್ತು ನಿಮಿಷ ಸಾಕು.

ಮೂರು ವರ್ಷದೊಳಗಿನ ಮಕ್ಕಳಿಗೆ ಕಾಳು, ಬೀಜ ಕೊಡಲೇಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಮೂಗಿಗೆ ಸೇರುತ್ತದೆ. ಅವರಿಗೆ ನಿಂಬೆಹಣ್ಣಿನ ಗಾತ್ರದ ಚಪಾತಿ ಹಿಟ್ಟು ಕೊಡಿ, ಹಳೇ ಪೇಪರ್ ಹರಿಯಲು ಬಿಡಿ, ಒದ್ದೆ ಕರವಸ್ತ್ರ ಹಿಂಡಲಿ. ಬಟ್ಟೆ ಕ್ಲಿಪ್ಪೂ ಒಳ್ಳೆಯದೇ, ಆದರೆ ಹೊಸದರ ಸ್ಪ್ರಿಂಗ್ ಬಲು ಬಿಗಿ, ಹಳೆಯದನ್ನೇ ಹುಡುಕಿ.

ನಾಲ್ಕೂವರೆ–ಐದರ ಹೊತ್ತಿಗೆ ಅಟ್ಟದ ಮೇಲಿನ ಅಳಗುಳಿ ಮನೆ ಇಳಿಸಿ. ಕರಾವಳಿಯವರಿಗೆ ಅದೇ ಚೆನ್ನೆಮಣೆ. ಹದಿನಾಲ್ಕು ಗುಳಿಗಳ ಲೆಕ್ಕ ಆಮೇಲಾಗಲಿ, ಮೊದಲು ಒಂದು ಸಾಲು ಸಾಕು. ಹುಣಸೆಬೀಜಗಳನ್ನು ಅಂಗೈಯಲ್ಲಿ ಹಿಡಿದು, ಒಂದೊಂದನ್ನೇ ಹೆಬ್ಬೆರಳಿನಿಂದ ಬೆರಳತುದಿಗೆ ತಳ್ಳಿ ಗುಳಿಗೆ ಬಿಡಬೇಕು. ನೋಡಲು ಸುಲಭ, ಮಗುವಿಗೆ ಬಹಳ ಕಷ್ಟ. ಒಂದು ಬೀಜ ಮುಂದೆ ಬರುವಾಗ ಉಳಿದವನ್ನು ಕಿರುಬೆರಳು, ಉಂಗುರಬೆರಳು ಬಿಗಿಹಿಡಿದಿರಬೇಕಲ್ಲ! ಮುಂದೆ ಬರೆಯುವಾಗಲೂ ಹೀಗೇ: ಆ ಎರಡು ಬೆರಳು ಮಡಚಿ ಕೈಗೆ ಆಧಾರವಾಗುತ್ತವೆ, ಮಿಕ್ಕ ಮೂರು ಓಡಾಡುತ್ತವೆ. ಮೊದಮೊದಲು ಮಗು ಇನ್ನೊಂದು ಕೈಯಿಂದ ಬೀಜ ಹೆಕ್ಕಿ ಹಾಕುತ್ತದೆ, ಇಲ್ಲವೇ ಎಲ್ಲವನ್ನೂ ಒಂದೇ ಗುಳಿಗೆ ಸುರಿಯುತ್ತದೆ. ಬೀಜ ಹೆಚ್ಚಾಗಿದೆ ಎಂದರ್ಥ. ಎರಡಕ್ಕಿಳಿಸಿ, ಜಾರದೆ ಬಂದ ಮೇಲೆ ಮೂರು ಮಾಡಿ.

ಬರೆಯುವ ಆಸೆ ಮಗುವಿಗೇ ಬಂದರೆ ಬಳಪವನ್ನು ಎರಡು ಸೆಂಟಿಮೀಟರಿಗೆ ಮುರಿದು ಕೊಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲು ಆಗುವುದೇ ಇಲ್ಲ, ಬೆರಳುಗಳು ತಾವಾಗಿ ಮುಂದೆ ಬರುತ್ತವೆ. ಸ್ಲೇಟನ್ನು ಗೋಡೆಗೆ ಒರಗಿಸಿದರೆ ಮಣಿಕಟ್ಟೂ ಸರಿಯಾಗಿ ಹಿಂದಕ್ಕೆ ಬಾಗುತ್ತದೆ.

ಒಂದು ವರ್ಷವೂ ತುಂಬದ ಕೂಸು ಯಾವಾಗಲೂ ಒಂದೇ ಕೈ ಚಾಚುತ್ತಿದ್ದರೆ ‘ಎಡಚ ಇರಬೇಕು’ ಎಂದು ಸುಮ್ಮನಾಗಬೇಡಿ. ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು, ಮಕ್ಕಳ ಡಾಕ್ಟರಿಗೆ ತೋರಿಸಿ.